ಕೆನಾರೆಯೂ ಜಮಖಾನೆಯೂ

ಪಾರಸಿಕರ ಹಳೆಯ ದಿವಾನಖಾನೆಗಳಲ್ಲಿ ನಡುನೆಲವನ್ನು ಹಿರಿದಾದ ರತ್ನಗಂಬಳಿಯೊಂದು ಆವರಿಸಿದರೆ, ಅದರ ಉಭಯ ಪಾರ್ಶ್ವಗಳಲ್ಲಿ ಅಗಲ ಕಿರಿದಾಗಿ ಉದ್ದ ಬಹಳವಾದ ಎರಡು ನೆಲಹಾಸುಗಳು ಇರುತ್ತಿದ್ದವು. ಕೆನಾರೆಯೆಂಬ ಈ ನೀಳ ಹಾಸನ್ನೇ ಇಂದು ಪುರಾತನ ವಸ್ತುಗಳ ವರ್ತಕರು ಮೊಗಸಾಲೆಗೂ ಮೆಟ್ಟಿಲಿಗೂ ಒಪ್ಪುವುದೆಂದು ದುಬಾರಿ ಬೆಲೆಗೆ ಮಾರುವರು.

ಪಶ್ಚಿಮ ಇರಾನಿನ ಗುಡ್ಡನಾಡಿನಲ್ಲಿ ಕುರ್ದ್ ಸ್ತ್ರೀಯರು ನೇಯ್ದ ಹಾಸುಗಳಿಗೆ ಇವುಗಳಲ್ಲಿ ವಿಶೇಷ ಗೌರವವುಂಟು. ಆ ಸೀಮೆಯ ಬಿಜಾರಿನ ನೇಕಾರರು ಹೊಕ್ಕುನೂಲನ್ನು ಭಾರವಾದ ಹಣಿಗೆಯಿಂದ ಬಡಿದು ಬಡಿದು ಎಷ್ಟು ಬಿಗಿಗೊಳಿಸುತ್ತಿದ್ದರೆಂದರೆ, ಆ ಗಂಬಳಿಯನ್ನು ಮಡಿಸಲಾಗದೆ ಸುರುಳಿ ಸುತ್ತಿಯೇ ಇಡಬೇಕು. ಮಂಜಿಷ್ಠೆಯ ಕೆಂಪನ್ನೂ ನೀಲಿಯನ್ನೂ ಸ್ವಲ್ಪ ಸ್ವಲ್ಪ ಉಣ್ಣೆಗೆ ಮಾತ್ರ ಹಿಡಿಸುತ್ತಿದ್ದುದರಿಂದ ಒಂದೇ ಬಣ್ಣವು ಹಾಸಿನ ಉದ್ದಕ್ಕೆ ಎಲ್ಲಿಯೋ ಗಾಢವಾಗಿ, ಎಲ್ಲಿಯೋ ತೆಳುವಾಗಿ ಪಟ್ಟೆಪಟ್ಟೆಯಾಗಿ ತೋರುವುದು. ಅಜ್ಞರು ದೋಷವೆನ್ನುವ ಈ ಏರುಪೇರನ್ನೇ ಬಲ್ಲವರು ಕೈಗೆಲಸದ ಲಕ್ಷಣವೆಂದು ಮೆಚ್ಚುವರು.

ನಮ್ಮ ನಾಡಿನಲ್ಲಿ, ಬೆಳಗಾವಿಯ ಬಳಿಯ ಮಚ್ಛೆಯಿಂದ ಖಾನಾಪುರದತ್ತ ಮಳೆಗಾಲದಲ್ಲಿ ಹೋಗುವವರಿಗೆ ಕುರುಬರ ಕರಿಯ ಕಂಬಳಿಯ ಪರಿಚಯ ಹೊಸದಲ್ಲ. ಆದರೆ ಅದು ಕೊಪ್ಪೆಯಾಗಿ ಮೈಯನ್ನು ಕಾಯುವ ವಸ್ತು. ನೆಲಕ್ಕೆ ಹಾಸುವ ಚಿತ್ರಮಯ ನೇಯ್ಗೆಯ ಸೋದರಿಯನ್ನು ಕಾಣಬೇಕಾದರೆ ಧಾರವಾಡ ಜಿಲ್ಲೆಯ ನವಲಗುಂದಕ್ಕೆ ಹೋಗಬೇಕು. ಅಲ್ಲಿಯ ಜಮಖಾನೆಯ ಕಸುಬು ಆದಿಲಶಾಹಿಯ ವಿಜಾಪುರದಿಂದ ವಲಸೆ ಬಂದ ಮುಸಲ್ಮಾನ ನೇಕಾರರೊಡನೆ ಬಂದಿತೆಂಬ ಪ್ರತೀತಿಯಿದೆ. ಪಾರಸಿಕ ರುಚಿಯ ಆ ರಾಜಧಾನಿಯ ವೈಭವಕ್ಕೆ, ಅಸಾರ್ ಮಹಲಿನಿಂದ ಬಂದು ಇಂದು ಗೋಳಗುಮ್ಮಟದ ವಸ್ತುಸಂಗ್ರಹಾಲಯದಲ್ಲಿರುವ 17ನೆಯ ಶತಮಾನದ ರತ್ನಗಂಬಳಿಗಳೇ ಸಾಕ್ಷಿ.

ಆದರೂ ಕೆನಾರೆ, ಜಮಖಾನೆ ಎರಡನ್ನೂ ಒಂದೆನ್ನಲಾಗದು. ಕುರ್ದ್ ಗಂಬಳಿಯಲ್ಲಿ ಉಣ್ಣೆಯ ಎಳೆಯನ್ನು ಹಾಸುನೂಲಿಗೆ ಗಂಟುಗಂಟಾಗಿ ಕಟ್ಟಿ ಕತ್ತರಿಸುವುದರಿಂದ ಮೇಲ್ಮೈ ಮೃದುರೋಮದಿಂದ ಕೂಡಿರುವುದು. ಜಮಖಾನೆಯಾದರೋ ಗಂಟಿಲ್ಲದ, ಚಪ್ಪಟೆಯಾದ ಹತ್ತಿಯ ನೇಯ್ಗೆ. ಲಂಬವಾಗಿ ನಿಂತ ಮಗ್ಗದ ಮುಂದೆ ಕುಳಿತ ಹೆಂಗಸರು ಬಣ್ಣದ ನೂಲನ್ನು ಬೆರಳುಗಳಿಂದ ತೂರಿಸಿ, ಪಂಜವೆಂಬ ಹಣಿಗೆಯಿಂದ ಬಡಿದು, ನವಿಲನ್ನೂ ಪಗಡೆಯ ಹಾಸನ್ನೂ ಮೂಡಿಸುವರು. ಹೆಣ್ಣುಮಕ್ಕಳು ಮದುವೆಯಾಗಿ ಹೋದೆಡೆಯಲ್ಲಿ ಗುಟ್ಟು ಹೊರಬಿದ್ದೀತೆಂಬ ಭಯದಿಂದ ಹಿಂದೆ ಮಗಳಿಗೆ ಕಲಿಸದೆ ಸೊಸೆಗೆ ಮಾತ್ರ ಕಲಿಸುತ್ತಿದ್ದರಂತೆ. ಕಸುಬನ್ನು ಕಾಯುವ ಈ ಜಾಣತನವೇ ಅದನ್ನು ಕೆಲವೇ ಮನೆಗಳಿಗೆ ಸೀಮಿತಗೊಳಿಸಿತೆಂದು ನನಗೆ ತೋರುತ್ತದೆ. 2011ರಲ್ಲಿ ದೊರೆತ ಭೌಗೋಳಿಕ ಸೂಚಕ ಮಾನ್ಯತೆ ಹೆಸರಿಗೆ ರಕ್ಷಣೆ ಕೊಟ್ಟಿತು. ಆದರೆ ದಿನವಿಡೀ ಮಗ್ಗದ ಮುಂದೆ ಕೂರುವವಳಿಗೆ ತಕ್ಕ ಕೂಲಿ ಹುಟ್ಟಬೇಕಾದುದು ಕೊಳ್ಳುವವನ ಕೈಯಿಂದ, ಅವನೋ ಯಂತ್ರದ ಅಗ್ಗದ ಚಾಪೆಯೊಡನೆ ಜಮಖಾನೆಯ ಬೆಲೆಯನ್ನು ತೂಗಿ ನೋಡುತ್ತಾನೆ.