ನೆಯ್ವೇಲಿಯ ತೆರೆದ ಗಣಿ



ಗಣಿ ಎಂಬ ಮಾತು ಕಿವಿಗೆ ಬಿದ್ದೊಡನೆ ನಮ್ಮ ಮನಸ್ಸು ಕೋಲಾರದ ಚಿನ್ನದ ಗಣಿಗಳ ಕಡೆಗೆ ಹರಿಯುವುದು ಸಹಜ. ಅಲ್ಲಿ ಮನುಷ್ಯನು ಕಬ್ಬಿಣದ ಪಂಜರದಲ್ಲಿ ನಿಂತು ಕತ್ತಲೆಯ ಕೂಪದಲ್ಲಿ ಇಳಿದು, ೩,೦೦೦ ಮೀಟರಿಗೂ ಮಿಕ್ಕ ಆಳದಲ್ಲಿ ಬಂಡೆಯನ್ನು ಒಡೆದನು. ೨೦೦೧ರಲ್ಲಿ ಆ ಕೆಲಸವು ನಿಂತಿತು. ಕೆಳಗೆ ಎಷ್ಟು ಅಗೆದರೂ ಮೇಲೆ ಊರು ಊರಾಗಿಯೇ ಉಳಿದಿತ್ತು. ಆದರೆ ಗಣಿಗಾರಿಕೆಗೆ ಇನ್ನೊಂದು ಬಗೆಯೂ ಉಂಟು. ಅದರಲ್ಲಿ ಮನುಷ್ಯನು ಭೂಮಿಯ ಒಳಹೊಗುವುದಿಲ್ಲ. ಭೂಮಿಯ ಮೇಲಣ ಮುಚ್ಚಳವನ್ನೇ ತೆಗೆದುಬಿಡುತ್ತಾನೆ. ಅಂತಹ ತೆರೆದ ಗಣಿಯನ್ನು ನೋಡುವ ಕುತೂಹಲದಿಂದ, ಒಂದು ರಜೆಯಲ್ಲಿ ನಾನು ತಮಿಳುನಾಡಿನ ಕಡಲೂರು ಜಿಲ್ಲೆಯ ನೆಯ್ವೇಲಿಗೆ ಹೋಗಿದ್ದೆನು. ಅಲ್ಲಿ ಕಂಡುದನ್ನೂ ತಿಳಿದುದನ್ನೂ ತಮ್ಮ ಮುಂದೆ ಅರಿಕೆಮಾಡುತ್ತೇನೆ.

ಸೇಲಂ ಮಾರ್ಗವಾಗಿ ರೈಲಿನಲ್ಲಿ ಹೋದರೆ ವೃದ್ಧಾಚಲವು ಸಿಕ್ಕುತ್ತದೆ. ಅಲ್ಲಿಯ ಪುರಾತನ ಶಿವಾಲಯವನ್ನು ನೋಡಿಕೊಂಡು ಮೂಡಣಕ್ಕೆ ಹೊರಟೆನು. ಕೆಂಪು ಮಣ್ಣಿನ ನೆಲ. ಎರಡು ಕಡೆಯೂ ಗೋಡಂಬಿಯ ತೋಪು. ಹಲಸಿಗೆ ಹೆಸರಾದ ಪಣ್ರುಟಿಯೂ ಇದೇ ಸೀಮೆಯದು. ನೆಯ್ವೇಲಿಯ ಬಡಾವಣೆಯಾದರೋ ಅಗಲವಾದ ಬೀದಿಗಳಿಂದಲೂ ನೆರಳಿನ ಮರಗಳಿಂದಲೂ ಕೂಡಿ, ನಮ್ಮ ಮೈಸೂರಿನ ಹೊಸ ಮೊಹಲ್ಲಗಳನ್ನು ನೆನಪಿಗೆ ತರುತ್ತದೆ. ಇಷ್ಟು ಪ್ರಶಾಂತವಾದ ಊರಿನ ಮಗ್ಗುಲಲ್ಲಿ ಗಣಿಯಿರುವುದೆಂದು ಮೊದಲ ನೋಟಕ್ಕೆ ತೋರುವುದೇ ಇಲ್ಲ.

ಗಣಿಯ ಅಂಚಿನಲ್ಲಿ ನಿಂತಾಗ ನೆಲವು ಕಾಲಬುಡದಲ್ಲಿಯೇ ಮುಗಿದುಹೋದಂತಾಯಿತು. ಎದುರಿನ ದಡವು ದೂಳಿನಲ್ಲಿ ಮಸಕಾಗಿ ಕಾಣುತ್ತಿತ್ತು. ಭೂಮಿಯನ್ನು ಕಲ್ಯಾಣಿಯ ಸೋಪಾನಗಳಂತೆ ಮೆಟ್ಟಲು ಮೆಟ್ಟಲಾಗಿ ಕಡಿದಿದ್ದರು. ಮೇಲಿನ ಮೆಟ್ಟಲುಗಳು ಕೆಂಪು. ಅವುಗಳ ಕೆಳಗೆ ಹಳದಿ, ಬಿಳಿ. ಎಲ್ಲಕ್ಕೂ ಕೆಳಗೆ ಕಾಡಿಗೆಯ ಗೀಟಿನಂತೆ ಒಂದು ಕಪ್ಪು ಪದರ. ಆ ಪದರಕ್ಕಾಗಿಯೇ ಇಷ್ಟು ಪ್ರಯಾಸ.

ಆ ಕಪ್ಪು ವಸ್ತುವಿಗೆ ಲಿಗ್ನೈಟ್ ಎಂದು ಹೆಸರು. ತಮಿಳರು ಇದನ್ನು ಕಂದು ಬಣ್ಣದ ಕಲ್ಲಿದ್ದಲು ಎಂಬ ಅರ್ಥದಲ್ಲಿ ‘ಪಳುಪ್ಪು ನಿಲಕ್ಕರಿ’ ಎನ್ನುತ್ತಾರೆ. ಕೋಟ್ಯಂತರ ವರ್ಷಗಳ ಹಿಂದಿನ ಕಾಡು ಜೌಗಿನಲ್ಲಿ ಹೂತು, ಮಣ್ಣಿನ ಭಾರಕ್ಕೆ ಸಿಕ್ಕಿ, ಇನ್ನೂ ಪೂರ್ತಿಯಾಗಿ ಕಲ್ಲಿದ್ದಲಾಗದೆ ಉಳಿದಿರುವ ಅವಸ್ಥೆಯಿದು. ತುಂಡೊಂದನ್ನು ಕೈಯಲ್ಲಿ ಹಿಡಿದರೆ ಮರದ ಎಳೆಗಳು ಕಾಣುವುದುಂಟು. ಇದರ ತೂಕದಲ್ಲಿ ಹೆಚ್ಚು ಕಡಮೆ ಅರ್ಧದಷ್ಟು ನೀರೇ. ಹೊರಗೆ ತೆಗೆದು ರಾಶಿ ಹಾಕಿದರೆ ಒಣಗಿ ಪುಡಿಯಾಗುತ್ತದೆ. ಒಮ್ಮೊಮ್ಮೆ ತನಗೆ ತಾನೇ ಬಿಸಿಯಾಗಿ ಹೊತ್ತಿಕೊಳ್ಳುತ್ತದೆ. ಆದುದರಿಂದ ಇದನ್ನು ದೂರದ ಊರುಗಳಿಗೆ ಸಾಗಿಸುವುದು ಲಾಭವಲ್ಲ. ಗಣಿಯ ಬಾಯಲ್ಲಿಯೇ ಉರಿಸಿ ವಿದ್ಯುತ್ತಾಗಿ ಮಾಡಿ, ತಂತಿಯ ಮೂಲಕ ಕಳುಹಿಸುವುದೇ ಸರಿಯಾದ ಉಪಾಯ.

ಇದು ಬೆಳಕಿಗೆ ಬಂದ ಬಗೆಯೂ ಸ್ವಾರಸ್ಯವಾಗಿದೆ. ೧೯೩೫ರ ಸುಮಾರಿನಲ್ಲಿ ಜಂಬುಲಿಂಗ ಮೊದಲಿಯಾರ್ ಎಂಬ ಜಮೀನುದಾರರು ತಮ್ಮ ನೆಲದಲ್ಲಿ ಬಾವಿ ತೋಡಿಸುತ್ತಿರುವಾಗ, ನೀರಿನೊಡನೆ ಕಪ್ಪು ಚೂರುಗಳು ಮೇಲಕ್ಕೆ ಬಂದುವು. ಮುಂದೆ ಭೂಗರ್ಭ ಶಾಸ್ತ್ರಜ್ಞರ ಪರೀಕ್ಷೆಗಳು ನಡೆದುವು. ೧೯೫೬ರಲ್ಲಿ ಸರ್ಕಾರದ ಸಂಸ್ಥೆಯೊಂದು ಏರ್ಪಟ್ಟಿತು; ೧೯೫೭ರ ಮೇ ೨೦ರಂದು ಜವಾಹರಲಾಲ್ ನೆಹರೂ ಅವರು ಗಣಿಗೆಲಸವನ್ನು ಆರಂಭಿಸಿದರು; ೧೯೬೧ರ ಆಗಸ್ಟಿನಲ್ಲಿ ಲಿಗ್ನೈಟ್ ಕಣ್ಣಿಗೆ ಬಿದ್ದಿತು; ೧೯೬೨ರಲ್ಲಿ ವಿದ್ಯುತ್ತು ಹರಿಯಿತು. ಅಗೆಯುವ ಯಂತ್ರಗಳು ಜರ್ಮನಿಯವು, ವಿದ್ಯುದಾಗಾರವು ಸೋವಿಯತ್ ರಷ್ಯದ ನೆರವಿನದು. ಪರಸ್ಪರ ಮುಖ ನೋಡದಿದ್ದ ಎರಡು ಪಕ್ಷಗಳು ನೆಯ್ವೇಲಿಯಲ್ಲಿ ಅಕ್ಕಪಕ್ಕದಲ್ಲಿ ದುಡಿದುವು.

ಅಗೆಯುವ ಕ್ರಮವನ್ನು ತಿಳಿಯಬೇಕಾದರೆ, ಗಡಿಗೆಗಳನ್ನು ಸುತ್ತ ಕಟ್ಟಿ ಬಾವಿಯಿಂದ ನೀರೆತ್ತುವ ಹಿಂದಿನ ಕಾಲದ ಅರಘಟ್ಟವನ್ನು ನೆನೆದುಕೊಳ್ಳಿರಿ. ಗಡಿಗೆಯ ಬದಲು ಹಲ್ಲುಳ್ಳ ಉಕ್ಕಿನ ತೊಟ್ಟಿಗಳು. ದೊಡ್ಡ ಯಂತ್ರದ ಒಂದೊಂದು ತೊಟ್ಟಿಯೂ ೧,೪೦೦ ಲೀಟರಿನದು. ಚಕ್ರವು ತಿರುಗುತ್ತ ಮಣ್ಣನ್ನು ಕೆರೆದು ರಬ್ಬರಿನ ಪಟ್ಟಿಯ ಮೇಲೆ ಸುರಿಯುತ್ತದೆ; ಆ ಪಟ್ಟಿಯು ಹೊಳೆಯಂತೆ ಹರಿದು, ಅಗೆದು ಮುಗಿದ ಹಳೆಯ ಹಳ್ಳದಲ್ಲಿ ಅದನ್ನು ಹಾಕುತ್ತದೆ. ಮೇಲ್ಪದರದ ಮರಳುಗಲ್ಲು ಬಲು ಗಟ್ಟಿಯಾದುದರಿಂದ ಅಲ್ಲಲ್ಲಿ ಮದ್ದಿಟ್ಟು ಸಿಡಿಸಬೇಕಾಗುತ್ತದೆ. ಒಂದು ಟನ್ನು ಲಿಗ್ನೈಟಿಗಾಗಿ ಐದಾರು ಘನ ಮೀಟರು ಮಣ್ಣನ್ನು ಸರಿಸಬೇಕು.

ಆದರೆ ಇಲ್ಲಿಯ ದೊಡ್ಡ ತೊಡಕು ಮಣ್ಣಲ್ಲ, ನೀರು. ಲಿಗ್ನೈಟಿನ ಅಡಿಯಲ್ಲಿ, ಒತ್ತಡಕ್ಕೆ ಸಿಕ್ಕಿದ ಅಪಾರ ಜಲರಾಶಿಯಿದೆ. ಮೇಲಿನ ಮಣ್ಣಿನ ಭಾರವೇ ಅದನ್ನು ತಡೆದು ಹಿಡಿದಿತ್ತು. ಆ ಭಾರವನ್ನು ತೆಗೆದೊಡನೆ ನೀರು ಗಣಿಯ ತಳವನ್ನು ಒಡೆದುಕೊಂಡು ಮೇಲಕ್ಕೆ ನುಗ್ಗುತ್ತದೆ. ಆದುದರಿಂದ ಗಣಿಯ ಸುತ್ತಲೂ ಕೊಳವೆ ಬಾವಿಗಳನ್ನು ತೋಡಿ, ಹಗಲಿರುಳೂ ಬಿಡುವಿಲ್ಲದೆ ನೀರನ್ನು ಹೊರಗೆ ಹಾಕುತ್ತಾರೆ. ಸಿಕ್ಕುವ ಲಿಗ್ನೈಟಿನ ತೂಕಕ್ಕಿಂತ ಹೀಗೆ ಎತ್ತುವ ನೀರಿನ ತೂಕವು ಹಲವು ಪಾಲು ಹೆಚ್ಚು. ಈ ನೀರೆಲ್ಲವೂ ವ್ಯರ್ಥವಾಗುವುದೆಂದು ಹೇಳಲಾಗದು. ಒಂದಂಶವು ವಿದ್ಯುದಾಗಾರಗಳಿಗೂ ಊರಿಗೂ ಒದಗುತ್ತದೆ. ಗಣಿಯಿಂದ ಹೊರಬಿದ್ದ ನೀರು ವಾಲಾಜಾ ಕೆರೆಗೆ ಸೇರಿ ಗದ್ದೆಗಳಿಗೆ ಹರಿಯುತ್ತದೆ. ಬರಗಾಲದಲ್ಲಿ ಚೆನ್ನೈ ನಗರದ ದಾಹಕ್ಕೂ ನೆಯ್ವೇಲಿಯ ನೀರು ಹೋದುದುಂಟು.

ಮಾರನೆಯ ದಿನ ಗಣಿಯ ಹೊರವಲಯದ ಒಂದು ಹಳ್ಳಿಗೆ ಹೋದೆನು. ವಯಸ್ಸಾದ ರೈತರೊಬ್ಬರು ಜಗಲಿಯ ಮೇಲೆ ಕೂರಿಸಿ ಮಜ್ಜಿಗೆ ಕೊಟ್ಟರು. ನನ್ನ ಹರಕು ತಮಿಳಿಗೆ ನಗದೆ, ನಿಧಾನವಾಗಿ ಹೇಳಿದರು: “ಅಯ್ಯಾ, ನಮ್ಮ ತಂದೆಯ ಕಾಲದಲ್ಲಿ ನೀರು ತಾನಾಗಿಯೇ ಮೇಲಕ್ಕೆ ಬರುತ್ತಿತ್ತು. ಈಗ ಅದನ್ನು ಹುಡುಕಿಕೊಂಡು ನಾವೇ ಕೆಳಕ್ಕೆ ಹೋಗಬೇಕು.” ಅವರ ಮಗನು ಗಣಿಯಲ್ಲಿಯೇ ಗುತ್ತಿಗೆಯ ಕೂಲಿ. ಆದುದರಿಂದ ಗಣಿಯು ಮುಚ್ಚಲೆಂದು ಅವರು ಬಯಸರು. ಇರುವ ಗದ್ದೆಯನ್ನು ಬಿಟ್ಟುಕೊಡಲೂ ಮನಸ್ಸಿಲ್ಲ. ನಾನು ಬೆಂಗಳೂರಿನ ಕಡೆಯಿಂದ ಬಂದವನೆಂದು ತಿಳಿದು, “ನಿಮ್ಮ ಊರಿನಲ್ಲಿ ಕರೆಂಟು ಚೆನ್ನಾಗಿ ಬರುತ್ತದೆಯೇ?” ಎಂದು ವಿಚಾರಿಸಿದರು. ಅದರಲ್ಲಿ ವ್ಯಂಗ್ಯವಿರಲಿಲ್ಲ. “ಬರುತ್ತದೆ” ಎಂದೆನು. ನೆಯ್ವೇಲಿಯ ವಿದ್ಯುತ್ತಿನಲ್ಲಿ ನಮ್ಮ ಕರ್ನಾಟಕಕ್ಕೂ ಪಾಲುಂಟೆಂಬುದು ನನಗೆ ಗೊತ್ತಿತ್ತು.

ಇಂತಹ ರೈತರ ಸಂಕಟವು ೨೦೨೩ರ ಜುಲೈ ತಿಂಗಳಿನಲ್ಲಿ ದೇಶಕ್ಕೆಲ್ಲ ತಿಳಿಯಿತು. ಎರಡನೆಯ ಗಣಿಯ ಸಮೀಪದಲ್ಲಿ ಪರವನಾರು ಹೊಳೆಯನ್ನು ತಿರುಗಿಸುವ ಕಾಲುವೆಗಾಗಿ, ಪೈರು ನಿಂತಿದ್ದ ಗದ್ದೆಗಳಲ್ಲಿ ಯಂತ್ರಗಳನ್ನು ಹರಿಸಿದರು. ನೆಲವನ್ನು ವರ್ಷಗಳ ಹಿಂದೆಯೇ ವಶಪಡಿಸಿಕೊಂಡಿತ್ತೆಂದೂ, ಕಾಲುವೆಯಿಲ್ಲದಿದ್ದರೆ ಮಳೆಗಾಲದಲ್ಲಿ ಗಣಿಯು ಮುಳುಗುವುದೆಂದೂ ಸಂಸ್ಥೆಯವರು ಹೇಳಿದರು. ಕೊಯ್ಲಿನವರೆಗೆ ಕಾಯಲಾಗದೆ ಹೋಯಿತೇ ಎಂದು ಮದರಾಸು ಉಚ್ಚ ನ್ಯಾಯಾಲಯವು ಕೇಳಿತು. ಕಾಗದದ ಮೇಲೆ ನೆಲವು ಸಂಸ್ಥೆಯದು. ಆದರೆ ಪೈರು ಬಿತ್ತಿದವನದು. ಈ ಎರಡರ ನಡುವೆ ಇದ್ದುದು ಎರಡು ತಿಂಗಳ ತಾಳ್ಮೆ ಮಾತ್ರ.

ಅಗೆದು ಮುಗಿದ ಹಳ್ಳವನ್ನು ಮುಚ್ಚಿ, ಮರಗಿಡಗಳನ್ನು ಬೆಳೆಸಿದ ಭಾಗಗಳನ್ನೂ ನಾನು ನೋಡಿದೆನು. ಹಸುರು ಚಿಗುರಿದೆ, ಹಕ್ಕಿಗಳು ಬಂದಿವೆ. ಇದು ಮೆಚ್ಚತಕ್ಕ ಕಾರ್ಯವೇ. ಆದರೆ ತಲೆಮಾರುಗಳಿಂದ ಗೊಬ್ಬರ ಉಂಡು ಹದಗೊಂಡ ಗದ್ದೆಯೂ, ಬುಡಮೇಲಾಗಿ ಬಿದ್ದ ಮಣ್ಣಿನ ಮೇಲಣ ತೋಪೂ ಒಂದೇ ಅಲ್ಲ. ನಮ್ಮ ಪಾವಗಡದಲ್ಲಿ ಸೂರ್ಯನ ಬಿಸಿಲಿನಿಂದ ವಿದ್ಯುತ್ತನ್ನು ಪಡೆಯಲು ರೈತರ ನೆಲವನ್ನು ಕೊಳ್ಳದೆ ಗುತ್ತಿಗೆಗೆ ಪಡೆದಿದ್ದಾರೆ. ಒಡೆತನವು ಅವರಲ್ಲಿಯೇ ಉಳಿದಿದೆ. ತೆರೆದ ಗಣಿಗೆ ಅಂತಹ ಏರ್ಪಾಡು ಸಾಧ್ಯವಿಲ್ಲ. ಅದು ಪಡೆದ ನೆಲವನ್ನು ಪಡೆದಂತೆಯೇ ಹಿಂದಿರುಗಿಸಲಾರದು. ಆದುದರಿಂದಲೇ ಬೆಲೆಯನ್ನು ಕಟ್ಟುವಾಗಲೂ, ಕೆಲಸವನ್ನು ಕೊಡುವಾಗಲೂ, ಕೊಯ್ಲಿಗೆ ಕಾಯುವಾಗಲೂ ಅಲ್ಲಿ ಹೆಚ್ಚಿನ ನ್ಯಾಯಬುದ್ಧಿ ಬೇಕಾಗುತ್ತದೆ.

ಶಿವನಸಮುದ್ರದಲ್ಲಿ ೧೯೦೨ರಲ್ಲಿ ವಿದ್ಯುತ್ತು ಹುಟ್ಟಿದಂದಿನಿಂದ, ಬೀಳುವ ನೀರಿನಿಂದ ಬೆಳಕನ್ನು ಪಡೆಯುವುದು ನಮಗೆ ರೂಢಿ. ಏಳುವ ನೀರನ್ನು ಅಡಗಿಸಿ ಬೆಳಕನ್ನು ಪಡೆಯುವ ಊರೊಂದು ನೆರೆಯಲ್ಲಿಯೇ ಇದೆಯೆಂಬುದನ್ನು ನಾವು ಅಷ್ಟಾಗಿ ಯೋಚಿಸಿಲ್ಲ. ಮನೆಗೆ ಹಿಂದಿರುಗಿದ ರಾತ್ರಿ ದೀಪದ ಗುಂಡಿಯನ್ನು ಒತ್ತಿದಾಗ ಆ ಮುದುಕರ ಪ್ರಶ್ನೆಯು ಮತ್ತೆ ಕೇಳಿಸಿತು. ಯಾರೂ ಇಲ್ಲದ ಕೋಣೆಯಲ್ಲಿ ಉರಿಯುತ್ತಿದ್ದ ಇನ್ನೊಂದು ದೀಪವನ್ನು ಆರಿಸಿ ಬಂದು ಕುಳಿತೆನು.