ಔಷಧಿ ಸಿಂಪಡಿಸುವ ಡ್ರೋನಿಗೆ ನೀರಿನ ಕಾಟ

ಬಬಲೇಶ್ವರ, ತಿಕೋಟಾ ತಾಲ್ಲೂಕುಗಳು ದ್ರಾಕ್ಷಿಗೆ ಹೆಸರಾದ ಸೀಮೆ. ಅಕ್ಟೋಬರ್ ಚಾಟನಿಯ ನಂತರ ಮಳೆ ಬಂದರೂ ಇಬ್ಬನಿ ಬಿದ್ದರೂ ಬೂಜುತುಪ್ಪಟ ರೋಗದ ಭಯ. ಔಷಧಿ ಹೊಡೆಯುವವರಿಗೆ ಬಿಡುವಿಲ್ಲ. ಬೆಳೆಗೆ ಔಷಧಿ ಹೊಡೆಯುವ ಕೆಲಸಕ್ಕೆ ಈಗ ಡ್ರೋನ್ ಕೂಡ ಬಂದಿದೆ. ಮಳೆಯಲ್ಲಿ ಡ್ರೋನ್ ಹಾರಿಸಬಾರದೆಂದು ಎಲ್ಲರೂ ಬಲ್ಲರು. ಆದರೆ ಇಂಥ ಡ್ರೋನಿಗೆ ಮಳೆಗಿಂತ ಹೆಚ್ಚು ಅಪಾಯ ಅದರದೇ ತುಂತುರಿನಿಂದ.

ಶುದ್ಧ ನೀರು ವಿದ್ಯುತ್ತಿನ ದುರ್ಬಲ ವಾಹಕ. ಲವಣ ಕರಗಿದಾಗ ಅಯಾನುಗಳಿಂದಾಗಿ ಅದರ ವಾಹಕತೆ ಏರುತ್ತದೆ. ಮಳೆನೀರಿನಲ್ಲಿ ಲವಣ ಅತ್ಯಲ್ಪ. ಕೊಳವೆಬಾವಿಯ ಗಡಸು ನೀರಿನಲ್ಲಿ ಹೆಚ್ಚು. ಬೆನ್ನಿಗೆ ಕಟ್ಟುವ ಪಂಪಿನಲ್ಲಿ ಎಕರೆಗೆ ನೂರು ಲೀಟರಿಗೂ ಮೀರಿ ಬೇಕಾಗುವ ದ್ರಾವಣ ಡ್ರೋನಿಗೆ ಸುಮಾರು 10 ಲೀಟರ್ ಸಾಕು. ಔಷಧಿಯ ಪ್ರಮಾಣ ಅಷ್ಟೇ ಇದ್ದರೆ ಸಾಂದ್ರತೆ ಹತ್ತು ಪಟ್ಟಿಗೂ ಹೆಚ್ಚು. ರೆಕ್ಕೆಗಳ ಸುಳಿಗಾಳಿ ಇದರ ಸಣ್ಣ ಹನಿಗಳನ್ನು ಡ್ರೋನಿನ ಮೈಗೇ ಬಳಿಯುತ್ತದೆ.

ಒದ್ದೆಯಾದ ಕೂಡಲೇ ಮೋಟಾರು ಸುಟ್ಟುಹೋಗುವುದೆಂದು ನೀವು ಭಾವಿಸಿರಬಹುದು. ಹಾಗಾಗದು. ಇದು ಬ್ರಷ್ ಇಲ್ಲದ ಮೋಟಾರು. ಸುರುಳಿಯ ತಾಮ್ರದ ತಂತಿಗೆ ಎನಾಮಲ್ ಲೇಪವಿದೆ. ಕೆಡುವುದು ನಿಧಾನವಾಗಿ: ಬೇರಿಂಗಿಗೆ ತುಕ್ಕು, ನಿಯೋಡಿಮಿಯಂ ಆಯಸ್ಕಾಂತದ ಲೇಪ ಒಡೆದರೆ ಅದಕ್ಕೂ ತುಕ್ಕು. ಅಲ್ಯೂಮಿನಿಯಂ ಭಾಗಗಳ ಗತಿ ತಿಳಿಯಲು ತರಗತಿಯಲ್ಲೇ ಒಂದು ಪ್ರಯೋಗ ಮಾಡಿ. ಮೈಲುತುತ್ತದ ದ್ರಾವಣದಲ್ಲಿ ಅಲ್ಯೂಮಿನಿಯಂ ಹಾಳೆಯ ಚೂರು ಹಾಕಿ. ಆಕ್ಸೈಡ್ ಪೊರೆಯ ರಕ್ಷಣೆಯಿಂದ ಬಹಳ ಹೊತ್ತು ಏನೂ ಕಾಣದು. ಒಂದು ಚಿಟಿಕೆ ಅಡುಗೆ ಉಪ್ಪು ಬೆರೆಸಿ. ಕ್ಲೋರೈಡ್ ಪೊರೆಯನ್ನು ಭೇದಿಸುತ್ತದೆ. ಹಾಳೆ ಸವೆದು ಕೆಂಪು ತಾಮ್ರ ಕೂರುತ್ತದೆ. ತಾಮ್ರದ ಶಿಲೀಂಧ್ರನಾಶಕ ಮತ್ತು ಉಪ್ಪುನೀರು ಸೇರಿದಲ್ಲಿ ಇದೇ ಕ್ರಿಯೆ ನಡೆಯಬಲ್ಲದು.

ನಿಜವಾದ ದುರ್ಬಲ ಜಾಗ ಮೋಟಾರಿನ ವೇಗ ನಿಯಂತ್ರಿಸುವ ಮಂಡಲ. ದೊಡ್ಡ ಡ್ರೋನುಗಳಲ್ಲಿ ಸುಮಾರು 44 ವೋಲ್ಟಿನ ಬ್ಯಾಟರಿ ಸಾಮಾನ್ಯ. ಅರ್ಧ ಮಿಲಿಮೀಟರ್ ಅಂತರದ ಎರಡು ಬಿಂದುಗಳ ನಡುವೆ ಇಷ್ಟು ವೋಲ್ಟೇಜು, ಅಲ್ಲೊಂದು ಲವಣದ ಹನಿ! ವಿದ್ಯುದ್ವಿಭಜನೆಗೆ ಇನ್ನೇನು ಬೇಕು? ಧನಾಗ್ರದ ಲೋಹ ಕರಗಿ, ಋಣಾಗ್ರದಲ್ಲಿ ಜರೀಗಿಡದ ಎಲೆಯಂತೆ ಕವಲೊಡೆದು ಬೆಳೆಯುತ್ತದೆ. ಎರಡೂ ತುದಿ ಕೂಡಿದರೆ ಶಾರ್ಟ್. ಟ್ಯಾಂಕು ತುಂಬಿದಾಗ ಇಪ್ಪತ್ತು ಕಿಲೋ ಮೀರುವ ಯಂತ್ರದ ಒಂದು ಮೋಟಾರು ಆಕಾಶದಲ್ಲಿ ನಿಂತರೆ, ಕೆಳಗೆ ಕೆಲಸ ಮಾಡುವವರ ಗತಿಯೇನು?

ಆದ್ದರಿಂದ ಒದ್ದೆಯಾದ ಡ್ರೋನಿನ ಬ್ಯಾಟರಿಯನ್ನು ಮೊದಲು ಕಳಚಬೇಕು. ವೋಲ್ಟೇಜು ಇಲ್ಲದಿದ್ದರೆ ವಿಭಜನೆಯೂ ಇಲ್ಲ. ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜ್ ಮಾಡಕೂಡದು. ಮಂಡಲಕ್ಕೆ ದ್ರಾವಣ ತಾಗಿದ್ದರೆ ಶುದ್ಧ ನೀರಿನಿಂದ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ತೊಳೆದು ಪೂರ್ತಿ ಒಣಗಿಸಬೇಕು. ಅಕ್ಕಿಯ ಡಬ್ಬಿಯಲ್ಲಿ ಹೂತಿಡುವ ಉಪಾಯ ವ್ಯರ್ಥ: ನೀರು ಆರಿದರೂ ಲವಣ ಅಲ್ಲೇ ಉಳಿಯುತ್ತದೆ. ಮುಂಜಾಗ್ರತೆಗೆ ಮಂಡಲದ ಮೇಲೆ ಅಕ್ರಿಲಿಕ್ ಅಥವಾ ಸಿಲಿಕೋನಿನ ತೆಳು ಲೇಪ ಕೊಡುತ್ತಾರೆ. ಐಪಿ 67 ಎಂಬ ಗುರುತು ನಂಬಿ ಮೈಮರೆಯಬೇಡಿ. ಅದರ ಪರೀಕ್ಷೆ 1 ಮೀಟರ್ ಆಳದ ಬರೀ ನೀರಿನಲ್ಲಿ 30 ನಿಮಿಷ, ಔಷಧಿಯಲ್ಲಲ್ಲ.

ಪೆಟ್ಟಿಗೆಯನ್ನು ಗಾಳಿಯಾಡದಂತೆ ಮುಚ್ಚಿಬಿಡುವುದೂ ನನಗೆ ಸರಿ ಕಾಣದು. 35 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಂದು ಘನಮೀಟರ್ ಗಾಳಿ ಸುಮಾರು 40 ಗ್ರಾಂ ಆವಿ ಹಿಡಿಯಬಲ್ಲದು, 20 ಡಿಗ್ರಿಯಲ್ಲಿ 17 ಗ್ರಾಂ ಮಾತ್ರ. ಸೆಕೆಯಲ್ಲಿ ಮುಚ್ಚಿದ ತೇವದ ಗಾಳಿ ರಾತ್ರಿ ತಣಿದಾಗ ಒಳಗೇ ಹನಿಗಟ್ಟುತ್ತದೆ. ಆವಿಯನ್ನು ಬಿಟ್ಟು ಹನಿಯನ್ನು ತಡೆಯುವ ಟೆಫ್ಲಾನ್ ಪೊರೆಯ ಕಿಂಡಿ ಮೇಲು. ಎತ್ತರ ಅಳೆಯುವ ವಾಯುಭಾರಮಾಪಕಕ್ಕಂತೂ ಹೊರಗಾಳಿ ಬೇಕೇ ಬೇಕು. ಒಂದು ಮೀಟರ್ ಏರಿದರೆ ಒತ್ತಡ ಇಳಿಯುವುದು ಸುಮಾರು 11 ಪಾಸ್ಕಲ್. 1 ಮಿಲಿಮೀಟರ್ ನೀರಿನ ಒತ್ತಡವೂ ಹೆಚ್ಚುಕಡಿಮೆ ಅಷ್ಟೇ. ಅದರ ರಂಧ್ರದಲ್ಲಿ ಹನಿ ಕುಳಿತರೆ ಡ್ರೋನಿನ ಎತ್ತರದ ಲೆಕ್ಕವೇ ತಪ್ಪಬಹುದು.