ಮಾಗಿಯ ಮುಂಜಾವು, ಎಳೆಯ ಮಕ್ಕಳು ಮತ್ತು ಮನೆಯ ಪಾಳಿ

ಬಿಸಿಲನಾಡಿಗೆ ಮಾಗಿಯ ಚಳಿ ನಾಲ್ಕು ದಿನದ ಅತಿಥಿ. ಬೇಸಿಗೆಯಲ್ಲಿ ಉಷ್ಣಾಂಶ 40 ಡಿಗ್ರಿ ಸೆಲ್ಸಿಯಸ್ ದಾಟುವುದು ರಾಯಚೂರು ಸೀಮೆಯವರಿಗೆ ಹೊಸದಲ್ಲ. ಅಂಥ ನೆಲದಲ್ಲಿ ಕಾರ್ತಿಕ ಕಳೆದು ಮಾರ್ಗಶಿರ ಕಾಲಿಟ್ಟಿತೆಂದರೆ ರಾತ್ರಿಯ ಉಷ್ಣಾಂಶ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮನೆಗಳಲ್ಲಿ ಕೌದಿಗಳು ಹೊರಬರುತ್ತವೆ. ಕೂಸುಗಳ ತಲೆಗೆ ಕುಂಚಿಗೆ ಏರುತ್ತದೆ. ಬಯಲಿನಲ್ಲಿ ಓಡಿ ಮೈಯನ್ನು ಗಟ್ಟಿಮಾಡಿಕೊಳ್ಳಬಯಸುವವರಿಗೆ ಈ ಸೀಮೆಯಲ್ಲಿ ಇದಕ್ಕಿಂತ ಹಿತವಾದ ಕಾಲವಿಲ್ಲ. ಆದರೆ ಎಳೆಯ ಮಕ್ಕಳಿರುವ ಮನೆಯಲ್ಲಿ ಆ ಮುಂಜಾವು ಯಾರ ಪಾಲಿಗೆ ಬರುತ್ತದೆ ಎಂಬುದು ವಿಚಾರಿಸತಕ್ಕ ಸಂಗತಿಯಾಗಿದೆ.

ಹಟ್ಟಿಯಲ್ಲಿ ಕಂಡದ್ದು

ಕೆಲವು ವರ್ಷಗಳ ಹಿಂದೆ ಪ್ರವಚನದ ನಿಮಿತ್ತ ಹಟ್ಟಿಯಲ್ಲಿ ಒಂದು ಗಣಿ ಕಾರ್ಮಿಕ ಕುಟುಂಬದ ಆತಿಥ್ಯದಲ್ಲಿದ್ದೆ. ಬೆಳಗಿನ ಜಾವ ಎದ್ದು ಅಂಗಳಕ್ಕೆ ಬಂದಾಗ ಮನೆಯ ಯಜಮಾನ, ಮೂವತ್ತರ ತರುಣ, ಓಟ ಮುಗಿಸಿ ಬೆವರೊರೆಸಿಕೊಳ್ಳುತ್ತಿದ್ದ. ಒಳಗೆ ಆತನ ಪತ್ನಿ ಒಂದು ಮಗುವನ್ನು ಕಂಕುಳಲ್ಲಿರಿಸಿಕೊಂಡು, ಇನ್ನೊಂದನ್ನು ಸಂತೈಸುತ್ತ ರೊಟ್ಟಿ ಬಡಿಯುತ್ತಿದ್ದಳು. ಮದುವೆಗೆ ಮುಂಚೆ ಆಕೆ ಶಾಲೆಯ ಓಟದ ಪಂದ್ಯಗಳಲ್ಲಿ ಬಹುಮಾನ ಪಡೆದವಳೆಂದು ಅತ್ತೆಯೇ ಅಭಿಮಾನದಿಂದ ಹೇಳಿದ್ದರು. “ತಂಗಿ, ಈಗಲೂ ಓಡುತ್ತೀಯೇನು?” ಎಂದು ಕೇಳಿದೆ. ಆಕೆ ನಕ್ಕು, “ಎಲ್ಲಿ ಓಡೋದ್ರಿ ಗುರುಗಳ? ನಾ ಓಡಿದ್ರ ಇವ್ರನ್ನ ಹಿಡಿಯೋರು ಯಾರು?” ಎಂದಳು.

ಆ ಮಾತು ನನ್ನನ್ನೇ ಚುಚ್ಚಿತು. ಮಠದಲ್ಲಿ ಓದುವಾಗ ನಸುಕಿನಲ್ಲೆದ್ದು ಕೆರೆಯವರೆಗೆ ಓಡಿ ಬರುವ ರೂಢಿ ನನಗಿತ್ತು. ಗೃಹಸ್ಥನಾದ ಮೇಲೂ ಅದನ್ನು ಬಿಡಲಿಲ್ಲ. ಮೂವರು ಮಕ್ಕಳು ಚಿಕ್ಕವರಿದ್ದ ಆ ಹತ್ತು ಹನ್ನೆರಡು ವರ್ಷಗಳಲ್ಲಿ, ನಾನು ಹೊರಗೆ ಹೋದಾಗ ಅಳುವ ಮಕ್ಕಳನ್ನು ಯಾರು ಎತ್ತಿಕೊಂಡರೆಂದು ಒಂದು ದಿನವೂ ಕೇಳಿದವನಲ್ಲ. ಇಂದು ಅರವತ್ತು ದಾಟಿದ ನನ್ನ ಕಾಲುಗಳು ಗಟ್ಟಿಯಾಗಿವೆ; ನನ್ನ ಮನೆಯವರು ಮೆಟ್ಟಿಲೇರಲು ಗೋಡೆ ಹಿಡಿಯುತ್ತಾರೆ. ಅದಕ್ಕೆ ಅದೊಂದೇ ಕಾರಣವೆಂದು ನಾನು ಹೇಳಲಾರೆ. ಆದರೂ ಹಂಚಿಕೊಳ್ಳಬಹುದಾಗಿದ್ದ ಮುಂಜಾವನ್ನು ನಾನೊಬ್ಬನೇ ಉಂಡೆನೆಂಬುದು ಸತ್ಯ.

ಪಾಳಿಯ ಪಾಠ

ಹಟ್ಟಿಯ ಜನಕ್ಕೆ ಹಂಚಿಕೆಯ ಪಾಠವನ್ನು ಯಾರೂ ಹೊಸದಾಗಿ ಕಲಿಸಬೇಕಾಗಿಲ್ಲ. 2001ರಲ್ಲಿ ಕೋಲಾರದ ಚಿನ್ನದ ಗಣಿ ಮುಚ್ಚಿದ ಮೇಲೆ ದೇಶದ ಚಿನ್ನದ ಗಣಿಗಾರಿಕೆಗೆ ಮುಖ್ಯ ನೆಲೆಯಾಗಿ ಉಳಿದದ್ದು ಈ ಊರು. ಇಲ್ಲಿ ಊಟ, ನಿದ್ರೆ, ನೆಂಟರ ಬರವು ಎಲ್ಲವೂ ಪಾಳಿಯನ್ನು ಅನುಸರಿಸಿಯೇ ನಡೆಯುತ್ತವೆ. ನೆಲದಡಿಯಲ್ಲಿ ದುಡಿಯುವವನಿಗೆ ದಿನಕ್ಕೆ 8 ತಾಸಿಗಿಂತ ಹೆಚ್ಚು ಕೆಲಸ ಕೊಡಬಾರದೆಂದು 1952ರ ಗಣಿ ಕಾಯಿದೆ ವಿಧಿಸಿತು. ಒಬ್ಬನು ಮೇಲೆ ಬಂದರೆ ಇನ್ನೊಬ್ಬನು ಕೆಳಗಿಳಿಯುತ್ತಾನೆ. ಕೆಲಸ ನಿಲ್ಲುವುದಿಲ್ಲ, ಒಬ್ಬನೇ ಬಳಲುವುದೂ ಇಲ್ಲ. ಈ ನ್ಯಾಯ ಗಣಿಗೆ ಸಲ್ಲುವುದಾದರೆ ಮನೆಗೇಕೆ ಸಲ್ಲಬಾರದು?

ಲೆಕ್ಕ ದೊಡ್ಡದೇನಲ್ಲ. ವಯಸ್ಕರಿಗೆ ವಾರಕ್ಕೆ ಕನಿಷ್ಠ 75 ನಿಮಿಷದ ಬಿರುಸಾದ ವ್ಯಾಯಾಮ, ಇಲ್ಲವೇ 150 ನಿಮಿಷದ ಮಧ್ಯಮ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. 75 ನಿಮಿಷವೆಂದರೆ ವಾರಕ್ಕೆ ಮೂರು ದಿನ, ದಿನಕ್ಕೆ 25 ನಿಮಿಷದ ಓಟ. ಮೈ ಸಡಿಲಿಸಲು, ದಣಿವಾರಿಸಲು 15 ನಿಮಿಷ ಕೂಡಿಸಿದರೂ ವಾರದ 168 ತಾಸುಗಳಲ್ಲಿ ಎರಡು ತಾಸು ಮಾತ್ರ. ತಂದೆಗೆ ಮೂರು ದಿನ, ತಾಯಿಗೆ ಮೂರು ದಿನ. ಗಂಡನಿಗೆ ಬೆಳಗಿನ ಪಾಳಿಯಿರುವ ವಾರ ಅತ್ತೆ-ಮಾವಂದಿರು ಮಕ್ಕಳನ್ನು ನೋಡಿಕೊಳ್ಳಬಹುದು; ಇಲ್ಲವೇ ಆಕೆಯ ಓಟ ಸಂಜೆಗೆ ಸರಿಯಬಹುದು. ರಾತ್ರಿ ಪಾಳಿ ಮುಗಿಸಿ ಬಂದವನು ಮೊದಲು ನಿದ್ರಿಸಲಿ. ಬಳಲಿದ ದೇಹವನ್ನು ಓಡಿಸುವುದರಲ್ಲಿ ಪುರುಷಾರ್ಥವಿಲ್ಲ.

ತಾಯಿ ಓಡುವುದುಂಟೇ ಎಂದು ಮೂಗಿನ ಮೇಲೆ ಬೆರಳಿಡುವವರು ಹಿಂದೆಯೂ ಇದ್ದರು. ಎರಡು ಮಕ್ಕಳ ತಾಯಿಯಾಗಿದ್ದ ಹಾಲೆಂಡಿನ ಫ್ಯಾನಿ ಬ್ಲಾಂಕರ್ಸ್ ಕೋಯೆನ್ ಅವರು ಮನೆಯಲ್ಲಿದ್ದು ಮಕ್ಕಳನ್ನು ನೋಡಿಕೊಳ್ಳಲೆಂಬ ಟೀಕೆ ಕೇಳಬೇಕಾಯಿತು. ಆಕೆ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ನಾಲ್ಕು ಚಿನ್ನದ ಪದಕ ಗೆದ್ದರು. ನಮ್ಮ ದೇಶದ ಪಿ. ಟಿ. ಉಷಾ ತಾಯಿಯಾದ ಮೇಲೆ ಮತ್ತೆ ಮೈದಾನಕ್ಕಿಳಿದು, 1998ರಲ್ಲಿ ಜಪಾನಿನ ಫುಕುವೊಕಾದಲ್ಲಿ ನಡೆದ ಏಷ್ಯಾ ಕೂಟದ 200 ಹಾಗೂ 400 ಮೀಟರ್ ಓಟಗಳಲ್ಲಿ ಕಂಚು ಗಳಿಸಿದರು. ನಮ್ಮ ಸೊಸೆಯಂದಿರಿಗೆ ಪದಕ ಬೇಕಾಗಿಲ್ಲ. ನಲವತ್ತು ನಿಮಿಷ ಸಾಕು.

ಅರಿತು ಓಡಬೇಕು

ಚಳಿಯಲ್ಲಿ ಚರ್ಮದ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ, ಸ್ನಾಯುಗಳು ಬಿಗಿದಿರುತ್ತವೆ. ಹಾಸಿಗೆಯಿಂದೆದ್ದವರೇ ಓಟಕ್ಕೆ ತೊಡಗದೆ ಹತ್ತು ನಿಮಿಷ ಬಿರುಸಾಗಿ ನಡೆದು ಮೈ ಕಾಯಿಸಿಕೊಳ್ಳಬೇಕು. ಒಂದೇ ದಪ್ಪ ಉಡುಪಿಗಿಂತ ಎರಡು ತೆಳುವಾದವು ಲೇಸು. ಬೆವರಿದಾಗ ಮೇಲಿನದನ್ನು ತೆಗೆಯಬಹುದು. ಮರಳಿದೊಡನೆ ಒದ್ದೆ ಬಟ್ಟೆ ಬದಲಿಸಬೇಕು. ಚಳಿಯಲ್ಲಿ ಬಾಯಾರಿಕೆ ತೋರದಿದ್ದರೂ ನೀರು ಕುಡಿಯಬೇಕು. ಗಾಳಿಯಾಡದ ಮುಂಜಾವಿನಲ್ಲಿ ಹೊಗೆ ನೆಲಕ್ಕೆ ಅಂಟಿ ನಿಲ್ಲುವುದರಿಂದ, ಕಸ ಸುಡುವ ಕಡೆಯೂ ಲಾರಿ ಓಡಾಡುವ ರಸ್ತೆಯಲ್ಲೂ ಓಡದೆ ಬಯಲನ್ನು ಆರಿಸಿಕೊಳ್ಳುವುದು ಒಳಿತು.

ಗಣಿಯಲ್ಲಿ ದುಡಿಯುವವರು ಇನ್ನೊಂದನ್ನು ಗಮನಿಸಬೇಕು. ಚಿನ್ನವನ್ನು ಒಳಗೊಂಡ ಬೆಣಚುಕಲ್ಲಿನ ದೂಳು ವರ್ಷಗಟ್ಟಲೆ ಶ್ವಾಸಕೋಶ ಸೇರಿದರೆ ಸಿಲಿಕೋಸಿಸ್ ಎಂಬ ವ್ಯಾಧಿ ಬರುತ್ತದೆ. ಕೆಮ್ಮು, ಉಬ್ಬಸ ಇದ್ದವರಿಗೆ ತಣ್ಣನೆಯ ಒಣಗಾಳಿ ಇನ್ನಷ್ಟು ತೊಡಕು ಮಾಡುತ್ತದೆ. ಅಂಥವರು ವೈದ್ಯರನ್ನು ಕಂಡೇ ಓಟಕ್ಕೆ ತೊಡಗಬೇಕು.

ಹೆರಿಗೆಯಾದ ಮೊದಲ ಮೂರು ತಿಂಗಳು ಓಡಬಾರದೆಂದು ಇಂದಿನ ಭೌತಚಿಕಿತ್ಸಕರು ಹೇಳುತ್ತಾರೆ. ನಮ್ಮ ಅಜ್ಜಿಯಂದಿರ ಬಾಣಂತನದ ನಿಯಮವೂ ಇದಕ್ಕೆ ದೂರವಿಲ್ಲ. ಹಿತಮಿತ ವ್ಯಾಯಾಮದಿಂದ ಎದೆಹಾಲು ಬತ್ತುತ್ತದೆ ಎಂಬ ಅಂಜಿಕೆಗೆ ಆಧಾರವಿಲ್ಲ. ಮಗುವಿಗೆ ಹಾಲುಣಿಸಿ ಹೊರಟರೆ ಇಬ್ಬರಿಗೂ ನೆಮ್ಮದಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ 15ರಿಂದ 49 ವಯಸ್ಸಿನ ಸ್ತ್ರೀಯರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆಯಿದೆ. ಆದ್ದರಿಂದ ಸ್ವಲ್ಪದರಲ್ಲೇ ಏದುಸಿರು ಬರುವ ತಾಯಿ ಮೊದಲು ರಕ್ತ ಪರೀಕ್ಷೆ ಮಾಡಿಸಲಿ. ಮನೆಮಂದಿಗೆಲ್ಲ ಬಡಿಸಿ ಉಳಿದದ್ದನ್ನು ಉಣ್ಣುವ ರೂಢಿ ಬಿಟ್ಟು, ಎಳ್ಳು ಹಚ್ಚಿದ ಸಜ್ಜೆರೊಟ್ಟಿ, ಕಾಳು, ಸೊಪ್ಪುಗಳನ್ನು ಹೊಟ್ಟೆತುಂಬ ಉಣ್ಣಲಿ.

ಕೂಸನ್ನು ಎತ್ತಿಕೊಂಡು ಓಡುವುದು ಎಂದಿಗೂ ಸಲ್ಲದು. ಗಾಡಿಯಲ್ಲಿ ಕೂಡಿಸಿ ಕರೆದೊಯ್ದರೆ ಓಡುವವರಿಗೆ ಬೆವರು, ಕುಳಿತ ಮಗುವಿಗೆ ಚಳಿ. ಎಳೆಯ ದೇಹ ದೊಡ್ಡವರಿಗಿಂತ ಬೇಗ ಶಾಖ ಕಳೆದುಕೊಳ್ಳುತ್ತದೆ. ಮೂರು ದಾಟಿದ ಮಕ್ಕಳನ್ನಾದರೋ ಬಿಸಿಲೇರಿದ ಮೇಲೆ ಬಯಲಿಗೆ ಬಿಡಿ. ಮೂರು ನಾಲ್ಕು ವರ್ಷದ ಮಕ್ಕಳಿಗೆ ದಿನಕ್ಕೆ ಮೂರು ತಾಸಿನ ಚಟುವಟಿಕೆ ಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಾತು. ತಾಯಿತಂದೆ ಓಡುವುದನ್ನು ಕಂಡ ಮಗುವಿಗೆ ಓಡೆಂದು ಹೇಳಬೇಕಾಗಿಲ್ಲ.

ಮುಕ್ತಾಯ

ಆ ದಿನ ಹಟ್ಟಿಯಲ್ಲಿ ಪ್ರಸಾದಕ್ಕೆ ಕುಳಿತಾಗ ನನ್ನ ತಪ್ಪನ್ನು ಆ ತರುಣನ ಮುಂದೆ ಮುಚ್ಚಿಡದೆ ಹೇಳಿದೆ. ಆತ ತಲೆ ತಗ್ಗಿಸಿದ. ಅವನ ತಾಯಿಯೇ ಬಾಯಿ ಬಿಟ್ಟು, “ನಾಳೆ ಇವನು ಹುಡುಗರನ್ನ ಹಿಡೀಲಿ, ನಾ ರೊಟ್ಟಿ ಬಡಿತೀನ್ರಿ” ಎಂದರು. ಮರುದಿನ ನಸುಕಿನಲ್ಲಿ ಆ ಹೆಣ್ಣುಮಗಳು ತಲೆಗೆ ವಸ್ತ್ರ ಸುತ್ತಿಕೊಂಡು ಹೊರಟಳು. ಬಹಳ ದೂರ ಓಡಲಿಲ್ಲ. ಅರ್ಧ ತಾಸಿನಲ್ಲೇ ಮರಳಿದಳು. ಅಷ್ಟರಲ್ಲಿ ಚಿಕ್ಕ ಮಗು ಎರಡು ಬಾರಿ ಅತ್ತು, ತಂದೆಯ ಹೆಗಲ ಮೇಲೆ ನಿದ್ದೆ ಹೋಗಿತ್ತು.

ಕಾಯಕ ಹಂಚಿಕೊಂಡು ಬಾಳಬೇಕೆಂದು ಸಭೆಗಳಲ್ಲಿ ನುಡಿಯುವ ನಾವು ಮನೆಯೊಳಗಿನ ಮುಂಜಾವನ್ನು ಹಂಚಿಕೊಂಡಿದ್ದೇವೆಯೇ? ಈ ಮಾಗಿ ಕಳೆಯುವ ಮುನ್ನ ಪ್ರತಿಯೊಬ್ಬ ಗೃಹಸ್ಥನೂ ಈ ಪ್ರಶ್ನೆಯನ್ನು ತನಗೆ ತಾನೇ ಕೇಳಿಕೊಳ್ಳಲಿ. ನಾನು ಕೇಳಿಕೊಂಡದ್ದು ಬಹಳ ತಡವಾಯಿತು.